ನೀವು ಹೆಚ್ಚು ಗೌರವಿಸುವ ಮಹಿಳೆ ಯಾರು, ಮತ್ತು ಏಕೆ? ಕೊಡಗಿನವರ ಉತ್ತರಗಳು

ಮಡಿಕೇರಿ, ನಿವೃತ್ತ ಕನ್ನಡ ಉಪನ್ಯಾಸಕಿ

ಕಳೆದ ವಾರ ಪ್ರೌಢಶಾಲೆಯ ಹುಡುಗಿಯರ ಭಾಷಣ ಸ್ಪರ್ಧೆಯೊಂದಕ್ಕೆ ತೀರ್ಪುಗಾರಳಾಗಿ ಕುಳಿತಿದ್ದೆ. ವಿಷಯ ‘ನಾನು ಮೆಚ್ಚುವ ಮಹಿಳೆ’ ಎಂಬುದಾಗಿತ್ತು. ಮಕ್ಕಳು ಝಾನ್ಸಿಯ ರಾಣಿಯ ಬಗ್ಗೆ, ಮದರ್ ತೆರೇಸಾ ಬಗ್ಗೆ, ಕಲ್ಪನಾ ಚಾವ್ಲಾ ಬಗ್ಗೆ ಬಾಯಿಪಾಠ ಮಾಡಿಕೊಂಡು ಬಂದು ಚೆನ್ನಾಗಿಯೇ ಮಾತನಾಡಿದರು. ಆದರೆ ಸಭಾಂಗಣದಿಂದ ಕೂಗಳತೆಯ ದೂರದಲ್ಲಿ ಹುಟ್ಟಿ ಬೆಳೆದವರ ಹೆಸರನ್ನು ಒಬ್ಬಳೂ ಎತ್ತಲಿಲ್ಲ. ತಪ್ಪು ಮಕ್ಕಳದಲ್ಲ, ಹೇಳಿಕೊಡಬೇಕಾಗಿದ್ದ ನನ್ನಂಥವರದು. ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ: ಕೊಡಗಿಗೆ ಸಂಬಂಧಿಸಿದ ಯಾವ ಹೆಣ್ಣುಮಗಳನ್ನು ನೀವು ಹೆಚ್ಚು ಗೌರವಿಸುತ್ತೀರಿ? ದಯವಿಟ್ಟು ಬರಿಯ ಹೆಸರುಗಳ ಪಟ್ಟಿ ಬೇಡ, ಕಾರಣವನ್ನು ಬಿಡಿಸಿ ಹೇಳಿ.

ಮೊದಲು ನನ್ನ ಉತ್ತರ. ಕತೆಗಾರ್ತಿ ಕೊಡಗಿನ ಗೌರಮ್ಮ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು, ಸುಂಟಿಕೊಪ್ಪದ ಬಳಿಯ ಗುಂಡುಗುಟ್ಟಿ ತೋಟದಲ್ಲಿ ಸಂಸಾರ ಹೂಡಿ, 1939ರ ಏಪ್ರಿಲ್‌ನಲ್ಲಿ ಹೊಳೆಯಲ್ಲಿ ಈಜುವಾಗ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಅಷ್ಟರೊಳಗೆ ಬರೆದ ಕತೆಗಳು ‘ಕಂಬನಿ’ ಮತ್ತು ‘ಚಿಗುರು’ ಎಂಬ ಎರಡು ಸಂಕಲನಗಳಲ್ಲಿವೆ. ಹೆಣ್ಣುಮಕ್ಕಳು ಬಾವಿಕಟ್ಟೆಗೆ ಹೋಗಿಬರುವುದನ್ನೂ ನಾಲ್ಕು ಜನ ಗಮನಿಸುತ್ತಿದ್ದ ಕಾಲದಲ್ಲಿ ಟೆನಿಸ್ ಆಡುತ್ತಿದ್ದ, ಈಜುತ್ತಿದ್ದ ಈ ಹುಡುಗಿ ವಿಧವೆಯರ ಬಗ್ಗೆ, ಮೋಸ ಹೋದವರ ಬಗ್ಗೆ, ಜಾತಿ ಮೀರಿದ ಪ್ರೀತಿಯ ಬಗ್ಗೆ ಬರೆದರು. ಬರೆದದ್ದನ್ನು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಪ್ರಕಟಿಸಿದರು ಎಂಬುದು ನನಗೆ ಇಂದಿಗೂ ಸಣ್ಣ ಸಂಕಟದ ವಿಷಯ. ಅಷ್ಟು ನಿರ್ಭೀತವಾದ ಕತೆಗಳ ಮೇಲೆ ಗಂಡನ ಇನಿಷಿಯಲ್ ಏಕಿರಬೇಕಿತ್ತು ಎಂದು ತರಗತಿಯಲ್ಲಿ ಕೇಳಿದಾಗ ಒಬ್ಬಳು ವಿದ್ಯಾರ್ಥಿನಿ, ‘ಮೇಡಂ, ಕೊಡೆ ಹಿಡಿದುಕೊಂಡು ಹೋದರೆ ಮಳೆಯಲ್ಲೂ ಹೋಗಬಹುದಲ್ಲವೇ’ ಎಂದಿದ್ದಳು. ಅದಕ್ಕಿಂತ ಒಳ್ಳೆಯ ವಿವರಣೆ ನನಗೆ ಹೊಳೆದಿಲ್ಲ.

1934ರ ಫೆಬ್ರುವರಿಯಲ್ಲಿ ಹರಿಜನ ನಿಧಿಗಾಗಿ ಗಾಂಧೀಜಿ ಕೊಡಗಿಗೆ ಬಂದರು. ಅವರು ತಮ್ಮ ಮನೆಗೂ ಬರಬೇಕೆಂದು ಗೌರಮ್ಮ ಪಟ್ಟು ಹಿಡಿದು, ಬರುವವರೆಗೂ ಊಟ ಮಾಡುವುದಿಲ್ಲವೆಂದು ಉಪವಾಸ ಕುಳಿತರು. ಉಪವಾಸವನ್ನೇ ಅಸ್ತ್ರ ಮಾಡಿಕೊಂಡಿದ್ದವರ ಎದುರು ಇಪ್ಪತ್ತೊಂದೋ ಇಪ್ಪತ್ತೆರಡೋ ವರ್ಷದ ಗೃಹಿಣಿ ಅದೇ ಅಸ್ತ್ರವನ್ನು ತಿರುಗಿಸಿದ್ದು ನೋಡಿ! ಗಾಂಧೀಜಿ ಬಂದರು, ಗೌರಮ್ಮ ತಮ್ಮ ಒಡವೆಗಳನ್ನು ನಿಧಿಗೆ ಕೊಟ್ಟರು. ಒಡವೆ ಕೊಟ್ಟದ್ದನ್ನು ಎಲ್ಲರೂ ಹೊಗಳುತ್ತಾರೆ. ನಾನು ಮೆಚ್ಚುವುದು ಅದಕ್ಕೂ ಮೊದಲಿನ ಹಟವನ್ನು. ಯಾವುದಕ್ಕೆ ‘ಒಲ್ಲೆ’ ಎನ್ನಬೇಕು, ಯಾವಾಗ ಎನ್ನಬೇಕು ಎಂಬುದನ್ನು ಬಲ್ಲವರೇ ನನ್ನ ಪಾಲಿಗೆ ದೊಡ್ಡವರು.

ಬೆಂಗಳೂರು, ಕುಶಾಲನಗರ ಮೂಲದ ಎಂಜಿನಿಯರಿಂಗ್ ವಿದ್ಯಾರ್ಥಿ

ಮೇಡಂ, ಒಂದು ಸಂದೇಹ. ಗೌರಮ್ಮನವರನ್ನು ವಿಕ್ಟೋರಿಯಾ ರಾಣಿ ತಮ್ಮ ಧರ್ಮಪುತ್ರಿಯನ್ನಾಗಿ ಸ್ವೀಕರಿಸಿದರು, ಅವರು ಇಂಗ್ಲೆಂಡಿನಲ್ಲೇ ತೀರಿಕೊಂಡರು ಎಂದು ಓದಿದ ನೆನಪಿದೆ. ಹಾಗಾದರೆ ಗುಂಡುಗುಟ್ಟಿಗೆ ಬಂದದ್ದು ಯಾವಾಗ?

ವಿರಾಜಪೇಟೆ, ನಿವೃತ್ತ ಬ್ಯಾಂಕ್ ಅಧಿಕಾರಿ

ತಮ್ಮಾ, ಇದು ಬಹಳ ಜನರಿಗೆ ಆಗುವ ಗೊಂದಲ, ಸಂಕೋಚ ಬೇಡ. ನೀವು ಹೇಳುತ್ತಿರುವುದು ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನ ವಿಷಯ. ರಾಜ್ಯ ಕಳೆದುಕೊಂಡ ತಂದೆ 1852ರಲ್ಲಿ ಆ ಹುಡುಗಿಯನ್ನು ಇಂಗ್ಲೆಂಡಿಗೆ ಕರೆದೊಯ್ದ. ಅಲ್ಲಿ ಆಕೆಗೆ ಕ್ರೈಸ್ತ ದೀಕ್ಷೆಯಾಯಿತು, ಮಹಾರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೂ ಕೊಟ್ಟಳು. ಮುಂದೆ ತನಗಿಂತ ಬಹಳ ಹಿರಿಯನಾದ ಸೇನಾಧಿಕಾರಿಯೊಬ್ಬನೊಡನೆ ಮದುವೆಯಾಗಿ, 1864ರಲ್ಲಿ ಲಂಡನ್ನಿನಲ್ಲಿ ಕಣ್ಣು ಮುಚ್ಚಿದಳು. ಆಕೆಯ ಬಗ್ಗೆ ನನಗಿರುವುದು ಮರುಕವೇ ಹೊರತು ಮೆಚ್ಚುಗೆಯಲ್ಲ. ದೇಶ, ಧರ್ಮ, ಹೆಸರು, ಗಂಡ ಎಲ್ಲವನ್ನೂ ಬೇರೆಯವರು ತೀರ್ಮಾನಿಸಿದರು. ‘ನಿನಗೇನು ಬೇಕು ಮಗೂ’ ಎಂದು ಯಾರಾದರೂ ಕೇಳಿದ್ದರೋ ಇಲ್ಲವೋ.

ಮೇಡಂ ಹೇಳಿದ ‘ಒಲ್ಲೆ’ ಎಂಬ ಅಳತೆಗೋಲನ್ನು ಒಪ್ಪುವುದಾದರೆ ನಮ್ಮ ವಿರಾಜಪೇಟೆಯ ಸಿ.ಬಿ. ಮುತ್ತಮ್ಮನವರನ್ನು ಮೀರಿಸುವವರಿಲ್ಲ ಎಂಬುದು ನನ್ನ ವಾದ. 1924ರಲ್ಲಿ ಇಲ್ಲಿ ಹುಟ್ಟಿ, ಒಂಬತ್ತನೆಯ ವಯಸ್ಸಿನಲ್ಲಿ ಅರಣ್ಯಾಧಿಕಾರಿಯಾಗಿದ್ದ ತಂದೆಯನ್ನು ಕಳೆದುಕೊಂಡು, ನಾಲ್ವರು ಮಕ್ಕಳನ್ನು ಓದಿಸಿಯೇ ತೀರುತ್ತೇನೆಂದ ತಾಯಿಯ ನೆರಳಿನಲ್ಲಿ ಬೆಳೆದು, ಮಡಿಕೇರಿಯಲ್ಲಿ ಶಾಲೆ ಮುಗಿಸಿ, ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿಕೊಂಡು, 1948ರಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯ ಮಹಿಳೆ ಅವರು. ಸಂದರ್ಶನಕ್ಕೆ ಕುಳಿತವರು ವಿದೇಶಾಂಗ ಸೇವೆ ಹೆಂಗಸರಿಗೆ ತಕ್ಕದ್ದಲ್ಲವೆಂದು ಮನವೊಲಿಸಲು ನೋಡಿದರು. ಮದುವೆಯಾದರೆ ರಾಜೀನಾಮೆ ಕೊಡುವುದಾಗಿ ಮುಚ್ಚಳಿಕೆಗೆ ಸಹಿ ಹಾಕಿಸಿಕೊಂಡ ಮೇಲೆಯೇ 1949ರಲ್ಲಿ ಸೇವೆಗೆ ಸೇರಿಸಿಕೊಂಡರು. 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಸೇವೆಯೊಳಗಿನಿಂದಲೇ ಮೇಲೇರಿ ಆ ಹುದ್ದೆ ಪಡೆದ ಮೊದಲ ಮಹಿಳೆ.

ಇಲ್ಲಿಯವರೆಗಿನದು ಎಲ್ಲ ರಸಪ್ರಶ್ನೆ ಪುಸ್ತಕಗಳಲ್ಲೂ ಇದೆ. ಅವರನ್ನು ನಾನು ಗೌರವಿಸುವುದು ಅದರ ಮುಂದಿನದಕ್ಕೆ. ಬಡ್ತಿಯ ಸರದಿ ಬಂದಾಗ ಅವರನ್ನು ಬಿಟ್ಟು ಬೇರೆಯವರನ್ನು ಮೇಲೇರಿಸಲಾಯಿತು. ಮುತ್ತಮ್ಮ ಗೊಣಗಿ ಸುಮ್ಮನಾಗಲಿಲ್ಲ, ಸರ್ಕಾರಿ ನೌಕರಿಯಲ್ಲಿದ್ದುಕೊಂಡೇ ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಸೇವಾ ನಿಯಮಗಳಲ್ಲಿ ಎರಡು ವಿಚಿತ್ರ ಅಂಶಗಳಿದ್ದವು: ಮಹಿಳಾ ಅಧಿಕಾರಿ ಮದುವೆಯಾಗಬೇಕಾದರೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಮದುವೆಯ ಬಳಿಕ ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯೆಂದು ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆ ಕೊಡಬೇಕು. ಇನ್ನೊಂದು ನಿಯಮದ ಪ್ರಕಾರ ಮದುವೆಯಾದ ಹೆಂಗಸಿಗೆ ಈ ಸೇವೆಗೆ ನೇಮಕವಾಗುವ ಹಕ್ಕೇ ಇರಲಿಲ್ಲ. ಪ್ರಕರಣ ವಿಚಾರಣೆಗೆ ಬರುವ ಹೊತ್ತಿಗೆ ಸರ್ಕಾರ ಅವರಿಗೆ ಬಡ್ತಿ ಕೊಟ್ಟುಬಿಟ್ಟಿತ್ತು. ಹೀಗಾಗಿ 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಅರ್ಜಿಯನ್ನು ವಜಾ ಮಾಡಿತು, ಜ್ಯೇಷ್ಠತೆಯನ್ನು ಮರುಪರಿಶೀಲಿಸಲು ಹೇಳಿತು. ಆದರೆ ವಜಾ ಮಾಡಿದ ಅದೇ ತೀರ್ಪಿನಲ್ಲಿ, ಸಂಸಾರದ ತಾಪತ್ರಯ ಹೆಣ್ಣಿನ ಕೆಲಸಕ್ಕೆ ಅಡ್ಡಿಯಾಗಬಹುದಾದರೆ ಗಂಡಿನ ಕೆಲಸಕ್ಕೂ ಆಗಬಹುದಲ್ಲವೇ ಎಂಬ ಪ್ರಶ್ನೆಯನ್ನಿಟ್ಟು ಆ ನಿಯಮಗಳ ಪಕ್ಷಪಾತವನ್ನು ಬಯಲು ಮಾಡಿತು. ಅಂದರೆ ಕಾಗದದ ಮೇಲೆ ಅವರು ಗೆದ್ದವರಲ್ಲ. ಅವರ ನಂತರ ಆ ಬಾಗಿಲಿನಿಂದ ಒಳಗೆ ಹೋದ ಹೆಣ್ಣುಮಕ್ಕಳೆಲ್ಲರೂ ಗೆದ್ದರು.

ನಾನು ಬ್ಯಾಂಕಿಗೆ ಸೇರಿದಾಗ ನಮ್ಮ ಶಾಖೆಯಲ್ಲಿ ಹೆಂಗಸರ ಶೌಚಾಲಯ ಇರಲಿಲ್ಲ. ಕೇಳಿದರೆ ‘ನೀವೊಬ್ಬರಿಗಾಗಿ ಕಟ್ಟಿಸುವುದೇ’ ಎಂದರು. ನಾಲ್ಕು ವರ್ಷ ಪಕ್ಕದ ಮನೆಗೆ ಹೋಗಿಬಂದೆ, ಒಂದು ಅರ್ಜಿಯನ್ನೂ ಬರೆಯಲಿಲ್ಲ. ಮುತ್ತಮ್ಮನವರ ತೀರ್ಪನ್ನು ಓದಿದ್ದು ನಿವೃತ್ತಿಯಾದ ಮೇಲೆ. ಓದಿ ಮುಗಿಸಿದಾಗ ಮೊದಲು ಬಂದದ್ದು ಹೆಮ್ಮೆಯಲ್ಲ, ನಾಚಿಕೆ.

ಪೊನ್ನಂಪೇಟೆ, ಕಾಫಿ ಬೆಳೆಗಾರ

ಅಕ್ಕ, ನಿಮ್ಮ ಕೊನೆಯ ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆದರೂ ಒಂದು ಭಿನ್ನಾಭಿಪ್ರಾಯವನ್ನು ವಿನಯದಿಂದ ಹೇಳಬೇಕು. ಎದುರು ನಿಂತವರು, ಮುರಿದವರು, ಮೊದಲಿಗರಾದವರು ಮಾತ್ರ ಗೌರವಕ್ಕೆ ಅರ್ಹರೆಂದು ಒಪ್ಪಿಬಿಟ್ಟರೆ, ಸದ್ದಿಲ್ಲದೆ ಉಳಿಸಿಕೊಂಡು ಬಂದವರ ಗತಿಯೇನು? ನಾನು ಸೂಚಿಸುವ ಹೆಸರು ರಾಣಿ ಮಾಚಯ್ಯ. ಉಮ್ಮತ್ತಾಟ್ ನೃತ್ಯಕ್ಕಾಗಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ನಿಮಗೆಲ್ಲ ತಿಳಿದಿದೆ.

ಹೊರಗಿನವರಿಗಾಗಿ ಒಂದು ಮಾತು: ಉಮ್ಮತ್ತಾಟ್ ಎಂದರೆ ಹೆಂಗಸರು ಸೀರೆಯುಟ್ಟು, ಕೈಯಲ್ಲಿ ತಾಳ ಹಿಡಿದು, ವೃತ್ತಾಕಾರದಲ್ಲಿ ಹಾಡುತ್ತ ಕುಣಿಯುವ ಆಟ, ಹಾಡಿನ ತುಂಬ ಕಾವೇರಮ್ಮೆಯ ಕತೆ. ನಾನು ಚಿಕ್ಕವನಿದ್ದಾಗ ಮದುವೆಗಳಲ್ಲಿ ವಾಲಗ ಶುರುವಾದರೆ ಎಲ್ಲರೂ ಕುಣಿಯುತ್ತಿದ್ದರು. ಉಮ್ಮತ್ತಾಟಿನ ಹಾಡು ಪೂರ್ತಿ ಬರುತ್ತಿದ್ದವರು ಮಾತ್ರ ನಮ್ಮ ಊರಿನಲ್ಲಿ ಇಬ್ಬರೋ ಮೂವರೋ ಅಜ್ಜಿಯರು. ಒಂದು ಕಲೆ ಸಾಯುವುದು ಯಾರೋ ನಿಷೇಧಿಸಿದ್ದರಿಂದಲ್ಲ, ಮುಂದಿನ ವಾರ ಕಲಿಸೋಣವೆಂದು ಮುಂದೂಡುತ್ತ ಹೋಗುವುದರಿಂದ. ರಾಣಿ ಮಾಚಯ್ಯ ಮುಂದೂಡಲಿಲ್ಲ. ಹುಡುಗಿಯರನ್ನು ಕಲೆಹಾಕಿ, ತಾಳ ಹಿಡಿಯುವುದರಿಂದ ಹಿಡಿದು ಹೆಜ್ಜೆ, ಹಾಡು ಎಲ್ಲವನ್ನೂ ದಶಕಗಟ್ಟಲೆ ಕಲಿಸಿದರು. ಇದರಲ್ಲಿ ಕೋರ್ಟಿನ ನಾಟಕೀಯತೆ ಇಲ್ಲ, ಉಪವಾಸದ ಕತೆಯೂ ಇಲ್ಲ. ತಾಳ್ಮೆ ಇದೆ. ನಾನು ಹೊಸದಾಗಿ ನೆಟ್ಟ ಕಾಫಿ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಕಾಯುವವನು. ತಾಳ್ಮೆಯ ಬೆಲೆ ನನಗೆ ಸ್ವಲ್ಪ ಗೊತ್ತು.

ಗೋಣಿಕೊಪ್ಪ, ದೈಹಿಕ ಶಿಕ್ಷಣ ಶಿಕ್ಷಕಿ

ಕೊಡಗು ಎಂದಮೇಲೆ ಆಟದ ಮೈದಾನಕ್ಕೆ ಬಾರದೆ ಚರ್ಚೆ ಮುಗಿಯುವುದೇ? 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ಚಿನ್ನ ಗೆದ್ದ ಜೋಡಿಯಲ್ಲಿ ಅಶ್ವಿನಿ ಪೊನ್ನಪ್ಪ ಇದ್ದರು, 2014ರಲ್ಲಿ ಸ್ಕ್ವಾಷ್ ಡಬಲ್ಸ್‌ನ ಚಿನ್ನ ಗೆದ್ದ ಜೋಡಿಯಲ್ಲಿ ಜೋಷ್ನಾ ಚಿಣ್ಣಪ್ಪ ಇದ್ದರು. ಆದರೆ ನನ್ನ ಆಯ್ಕೆ ಓಟಗಾರ್ತಿ ಅಶ್ವಿನಿ ನಾಚಪ್ಪ. ಪಿ.ಟಿ. ಉಷಾ ಅವರನ್ನು ಹಿಂದಿಕ್ಕಿದ್ದು, 1988ರ ಅರ್ಜುನ ಪ್ರಶಸ್ತಿ, ತಮ್ಮದೇ ಬದುಕಿನ ಎಳೆಯಿದ್ದ ತೆಲುಗು ಚಿತ್ರದಲ್ಲಿ ತಾವೇ ನಟಿಸಿದ್ದು ಇವೆಲ್ಲ ಸರಿಯೇ. ಅಷ್ಟೆಲ್ಲ ಹೆಸರು ಮಾಡಿದವರು ಬೆಂಗಳೂರಿನಲ್ಲೇ ಉಳಿದುಬಿಡಬಹುದಿತ್ತು. ಅವರು ಗೋಣಿಕೊಪ್ಪದ ಬಳಿ ಓದು ಮತ್ತು ಆಟ ಎರಡನ್ನೂ ಒಟ್ಟಿಗೆ ಕಲಿಸುವ ಶಾಲೆಯನ್ನು ಕಟ್ಟಿದರು. ಓಡುವ ಹುಡುಗಿಯ ತಾಯ್ತಂದೆಯರು ನನ್ನ ಬಳಿ ಬಂದು ಮೊದಲು ಕೇಳುವುದು ‘ಬಿಸಿಲಿಗೆ ಕಪ್ಪಾಗುತ್ತಾಳಲ್ಲ ಟೀಚರ್’ ಎಂದು. ಅಶ್ವಿನಿಯವರ ಹೆಸರು ಹೇಳಿದ ಕೂಡಲೇ ಅರ್ಧ ಜನ ಸುಮ್ಮನಾಗುತ್ತಾರೆ. ಉಳಿದರ್ಧ ಜನರಿಗೆ ಇನ್ನೂ ಉತ್ತರ ಹುಡುಕುತ್ತಿದ್ದೇನೆ.

ಬೆಂಗಳೂರು, ಕುಶಾಲನಗರ ಮೂಲದ ಎಂಜಿನಿಯರಿಂಗ್ ವಿದ್ಯಾರ್ಥಿ

ಬೈಯುವುದಿಲ್ಲವೆಂದರೆ ಹೇಳುತ್ತೇನೆ: ರಶ್ಮಿಕಾ ಮಂದಣ್ಣ. ವಿರಾಜಪೇಟೆಯಲ್ಲಿ ಹುಟ್ಟಿದ ಹುಡುಗಿ ಕನ್ನಡದಲ್ಲಿ ಆರಂಭಿಸಿ ತೆಲುಗು, ತಮಿಳು, ಹಿಂದಿ ಎಲ್ಲ ಕಡೆ ದುಡಿದು ನೆಲೆ ಕಂಡುಕೊಂಡದ್ದು ಕಡಿಮೆ ಸಾಧನೆಯೇ?

ಮಡಿಕೇರಿ, ನಿವೃತ್ತ ಕನ್ನಡ ಉಪನ್ಯಾಸಕಿ

ಬೈಯುವುದೇಕೆ? ಪ್ರತಿಯೊಂದು ಮಾತಿಗೂ ಊರೆಲ್ಲ ನಗಾಡುವಾಗ ಮಾರನೆಯ ದಿನ ಮತ್ತೆ ಕೆಲಸಕ್ಕೆ ಹೋಗುವುದು ಸುಲಭವಲ್ಲ. ಅಷ್ಟನ್ನು ನಾನೂ ಒಪ್ಪುತ್ತೇನೆ. ಅದಕ್ಕಿಂತ ಹೆಚ್ಚು ಹೇಳುವಷ್ಟು ಸಿನಿಮಾ ನಾನು ನೋಡಿಲ್ಲ.

ಮೈಸೂರು, ಸಿದ್ದಾಪುರ ಮೂಲದ ನರ್ಸ್

ಎಲ್ಲರದನ್ನೂ ಓದಿದೆ. ನಾನು ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಮನೆಯಲ್ಲಿ, ಹುಟ್ಟಿ ಬೆಳೆದವಳು. ಒಬ್ಬರು ‘ಒಲ್ಲೆ’ ಎಂದವರನ್ನು ಮೆಚ್ಚಿದಿರಿ, ಇನ್ನೊಬ್ಬರು ಉಳಿಸಿದವರನ್ನು ಮೆಚ್ಚಿದಿರಿ. ಎರಡಕ್ಕೂ ಕೈಯಲ್ಲಿ ಏನಾದರೂ ಇರಬೇಕು ಎಂಬುದು ನನ್ನ ಅನಿಸಿಕೆ. ನನ್ನ ಅಮ್ಮ ಯಾವುದಕ್ಕೂ ಒಲ್ಲೆ ಎಂದದ್ದನ್ನು ನಾನು ಕಂಡಿಲ್ಲ.

ಅಮ್ಮನ ಕೆಲಸ ಹೀಗಿತ್ತು. ಕಾಫಿ ಕುಯ್ಲಿನ ಕಾಲದಲ್ಲಿ ಬೆಳಿಗ್ಗೆ ಎದ್ದು ಗಂಜಿ ಕಟ್ಟಿಕೊಂಡು, ಸೊಂಟಕ್ಕೆ ಚೀಲ ಬಿಗಿದು, ಮೇಸ್ತ್ರಿ ತೋರಿಸಿದ ಸಾಲಿಗೆ ಹೋಗಬೇಕು. ಅರೇಬಿಕಾ ಆದರೆ ಹಣ್ಣಾದದ್ದನ್ನು ಮಾತ್ರ ಆರಿಸಿ ಕೀಳಬೇಕು, ಕಾಯಿ ಸೇರಿದರೆ ಬೈಗುಳ. ರೊಬಸ್ಟಾ ಆದರೆ ಗಿಡದ ಬುಡಕ್ಕೆ ಟಾರ್ಪಾಲು ಹಾಸಿ ಉದುರಿಸಿ, ಎಲೆ ಕಡ್ಡಿ ಹೆಕ್ಕಿ, ಸಂಜೆ ಮೂಟೆ ಹೊತ್ತು ತೂಕಕ್ಕೆ ತರಬೇಕು. ಕಿಲೋ ಲೆಕ್ಕದಲ್ಲಿ ಕೂಲಿಯಾದ್ದರಿಂದ ನೀರು ಕುಡಿಯಲು ನಿಂತರೂ ನಷ್ಟ. ಮಳೆಗಾಲದಲ್ಲಿ ಕಳೆ ಕೆಲಸ, ಕಾಲಿಗೆ ಜಿಗಣೆ. ಇದಕ್ಕೆಲ್ಲ ಮೇಲೆ ಆನೆ. ನಮ್ಮ ಕಡೆ ತೋಟದೊಳಗೇ ಆನೆ ಹಿಂಡು ಬೀಡುಬಿಟ್ಟಿರುತ್ತದೆ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಮ್ಮ ನಿಂತು ಗಾಳಿಯ ವಾಸನೆ ನೋಡುತ್ತಿದ್ದಳು. ಒಮ್ಮೆ ಹಾಗೆ ನಿಂತದ್ದರಿಂದಲೇ ಏಳು ಹೆಂಗಸರು ಹಿಂದಕ್ಕೆ ಓಡಿ ಉಳಿದುಕೊಂಡರು. ಆ ದಿನದ ಅರ್ಧ ಕೂಲಿಯನ್ನು ತೋಟದವರು ಹಿಡಿದುಕೊಂಡರು. ಯಾವ ತೋಟವೆಂದು ನಾನು ಬರೆಯುವುದಿಲ್ಲ. ಅರ್ಧ ಕೂಲಿ ಹಿಡಿದ ಆ ಶನಿವಾರವೂ ನನ್ನ ಶಾಲೆಯ ಬಸ್ಸಿನ ದುಡ್ಡನ್ನು ಅಮ್ಮ ಡಬ್ಬಿಯಿಂದ ಎಣಿಸಿ ಕೊಟ್ಟಳು.

ಬ್ಯಾಂಕ್ ಅಕ್ಕ ಒಬ್ಬ ಮುತ್ತಮ್ಮನ ಬಗ್ಗೆ ಬರೆದರು. ನನಗೆ ಇನ್ನೊಬ್ಬ ಮುತ್ತಮ್ಮನ ನೆನಪಾಯಿತು. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ಐನೂರಕ್ಕೂ ಹೆಚ್ಚು ಕುಟುಂಬಗಳು ಚಳಿಯಲ್ಲಿ ಬಯಲಿಗೆ ಬಿದ್ದವು. ಅವರಲ್ಲಿ ಹೆಚ್ಚಿನವರು ಲೈನ್ ಮನೆಗಳಲ್ಲಿ ದುಡಿದು ಬಂದವರೇ. ಆ ಹೋರಾಟದ ಮುಂಚೂಣಿಯಲ್ಲಿ ನಿಂತವರು ಜೆ.ಕೆ. ಮುತ್ತಮ್ಮ ಎಂಬ ಜೇನುಕುರುಬ ಮಹಿಳೆ. ಇಂಗ್ಲಿಷ್ ಎಂ.ಎ. ಇಲ್ಲ, ವಕೀಲರನ್ನು ಇಡುವ ಶಕ್ತಿಯಿಲ್ಲ. ಇದ್ದದ್ದು ‘ನಾವು ಇಲ್ಲಿಂದ ಏಳುವುದಿಲ್ಲ’ ಎಂಬ ಮಾತೊಂದೇ. ಕೊನೆಗೆ ಸರ್ಕಾರ ಬಸವನಹಳ್ಳಿ, ಬ್ಯಾಡಗೊಟ್ಟ ಕಡೆಗಳಲ್ಲಿ ಜಾಗ ಕೊಡಬೇಕಾಯಿತು. ನಿಮ್ಮ ಭಾಷಣ ಸ್ಪರ್ಧೆಯಲ್ಲಿ ಈ ಮುತ್ತಮ್ಮನ ಹೆಸರೂ ಕೇಳಿಸಲಿ ಎಂಬುದು ನನ್ನ ಆಸೆ.

ಪೊನ್ನಂಪೇಟೆ, ಕಾಫಿ ಬೆಳೆಗಾರ

ತಂಗಿ, ದಿಡ್ಡಳ್ಳಿಯ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಅದು ಅರಣ್ಯವೆಂದು ಇಲಾಖೆ ಹೇಳಿತ್ತು. ಕಾಡು ಕರಗಿದರೆ ಆನೆ ಬರುವುದು ನಿಮ್ಮ ಅಮ್ಮನಂಥವರ ದಾರಿಗೇ ಅಲ್ಲವೇ? ಹಾಗೆಂದು ಚಳಿಗಾಲದಲ್ಲಿ ಮಕ್ಕಳ ತಲೆಯ ಮೇಲಿನ ಸೂರು ಕೀಳುವುದನ್ನು ನಾನು ಸಮರ್ಥಿಸಲಾರೆ. ಆ ಹೆಣ್ಣುಮಗಳ ಎದೆಗಾರಿಕೆಯ ಬಗ್ಗೆಯೂ ತಕರಾರಿಲ್ಲ.

ಅರ್ಧ ಕೂಲಿಯ ವಿಷಯ ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಿದೆ. ಆನೆ ಬಂದ ದಿನ ನಮ್ಮ ತೋಟದಲ್ಲಿ ಏನು ಮಾಡಿದ್ದಾರೆಂದು ಇಂದು ರೈಟರ್ ಬರೆದ ಹಳೆಯ ಚೆಕ್‌ರೋಲ್ (ಹಾಜರಿ, ಕೂಲಿಯ ಪುಸ್ತಕ) ತೆಗೆಸಿ ನೋಡಿದೆ. ನೋಡಿದ್ದನ್ನು ಇಲ್ಲಿ ಬರೆಯುವ ಧೈರ್ಯವಿಲ್ಲ; ಈ ವಾರದಿಂದ ಪೂರ್ತಿ ಕೂಲಿ ಎಂದು ಹೇಳಿದ್ದೇನೆ.

ವಿರಾಜಪೇಟೆ, ನಿವೃತ್ತ ಬ್ಯಾಂಕ್ ಅಧಿಕಾರಿ

ನರ್ಸ್ ತಂಗಿಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಆದರೆ ಒಂದು ಸೇರ್ಪಡೆ ಇದೆ. ಮೊದಲ ಮುತ್ತಮ್ಮನವರು ದೆಹಲಿಯಲ್ಲಿದ್ದ ತಮ್ಮ ಹದಿನೈದು ಎಕರೆ ಜಮೀನನ್ನು ಅನಾಥ ಮಕ್ಕಳ ಶಾಲೆಗಾಗಿ ಮದರ್ ತೆರೇಸಾ ಅವರ ಸಂಸ್ಥೆಗೆ ಕೊಟ್ಟರು. ಕೊಡವ ಅಡುಗೆಯ ಬಗ್ಗೆ ಪುಸ್ತಕವನ್ನೂ ಬರೆದರು ಎಂಬುದು ನನಗೆ ವಿಶೇಷ ಪ್ರೀತಿಯ ಸಂಗತಿ. ಸುಪ್ರೀಂ ಕೋರ್ಟನ್ನು ಕಂಡವರು ನಮ್ಮ ಪಂದಿ ಕರಿಯ (ಹಂದಿ ಮಾಂಸದ ಸಾರಿನ) ಹದವನ್ನೂ ಬಲ್ಲವರಾಗಿದ್ದರು.

ಮಡಿಕೇರಿ, ನಿವೃತ್ತ ಕನ್ನಡ ಉಪನ್ಯಾಸಕಿ

‘ಕೈಯಲ್ಲಿ ಏನಾದರೂ ಇರಬೇಕು’ ಎಂಬ ಮಾತು ನನ್ನ ಅಳತೆಗೋಲನ್ನೇ ಅಲ್ಲಾಡಿಸಿತು, ಮಗಳೇ. ಗೌರಮ್ಮನವರಿಗೆ ಕೊಡಲು ಒಡವೆ ಇತ್ತು, ಬರೆಯಲು ಬಿಡುವಿತ್ತು, ಓದಿದ ಮನೆತನವಿತ್ತು. ಅದನ್ನು ಮರೆತು ಹೊಗಳಬಾರದಿತ್ತು. ಆದರೂ ಅವರ ಕತೆಗಳನ್ನು ಬಿಟ್ಟುಕೊಡಲು ಮನಸ್ಸಿಲ್ಲ, ಏಕೆಂದರೆ ಅವರ ಲೇಖನಿ ಹುಡುಕಿಕೊಂಡು ಹೋದದ್ದು ಕೈ ಬರಿದಾದ ಹೆಂಗಸರನ್ನೇ.

ಇನ್ನೊಂದು ಹೆಸರನ್ನು ಸೇರಿಸಬೇಕು. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, ಅದನ್ನು ಸಮಪಾಲಾಗಿ ಹಂಚಿಕೊಂಡವರು ನಮ್ಮ ಮಡಿಕೇರಿಯ ದೀಪಾ ಭಾಸ್ತಿ. ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು, ಕನ್ನಡಕ್ಕೂ ಅದೇ ಮೊದಲು. ಕನ್ನಡದ ಪದಗಳನ್ನು ಓರೆ ಅಕ್ಷರದಲ್ಲಿ ಪ್ರತ್ಯೇಕಿಸದೆ, ಅಡಿಟಿಪ್ಪಣಿ ಕೊಟ್ಟು ಕೈಹಿಡಿದು ನಡೆಸದೆ, ಇಂಗ್ಲಿಷ್ ಓದುಗರೇ ಒಂದು ಹೆಜ್ಜೆ ಇತ್ತ ಬರಲಿ ಎಂದು ಅನುವಾದಿಸಿದ ಅವರ ರೀತಿ ನನಗೆ ಬಹಳ ಹಿಡಿಸಿತು. ಬೂಕರ್‌ಗೂ ಮೊದಲೇ ಅವರು ಇಂಗ್ಲಿಷಿಗೆ ತಂದಿದ್ದು ಯಾರ ಕತೆಗಳನ್ನು ಗೊತ್ತೇ? ಕೊಡಗಿನ ಗೌರಮ್ಮನವರದನ್ನು. ಬೆಳೆಗಾರ ಸರ್, ಉಳಿಸುವವರ ಬಗ್ಗೆ ನೀವು ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ.

ಮುಂದಿನ ಸ್ಪರ್ಧೆಗೆ ಮುನ್ನ ಸಿದ್ದಾಪುರದ ಕಡೆಯ ಎರಡು ಶಾಲೆಗಳಿಗೆ ಹೋಗಿ ಗೌರಮ್ಮನವರ ಕತೆ ಓದಿ ಹೇಳೋಣವೆಂದಿದ್ದೇನೆ. ಇಬ್ಬರು ಮುತ್ತಮ್ಮಂದಿರ ವಿಷಯವನ್ನೂ ಹೇಳುತ್ತೇನೆ. ಜೊತೆಗೆ ಬರುವವರಿದ್ದರೆ ತಿಳಿಸಿ.

ಮೈಸೂರು, ಸಿದ್ದಾಪುರ ಮೂಲದ ನರ್ಸ್

ನಾನು ಬರುತ್ತೇನೆ ಮೇಡಂ, ಭಾನುವಾರವಾದರೆ ರಜೆ ಕೇಳಬೇಕಿಲ್ಲ.

ನಿನ್ನೆ ರಾತ್ರಿ ಊರಿಗೆ ಹೋಗಿದ್ದಾಗ ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಒಲೆಯ ಮುಂದೆ ಕುಳಿತಿದ್ದಳು. ತನ್ನ ಬಗ್ಗೆ ಬರೆದದ್ದಕ್ಕೆ ‘ಇದನ್ನೆಲ್ಲ ಯಾಕೆ ಬರೆಯಲು ಹೋದೆ’ ಎಂದು ಗದರಿದಳು. ಪೂರ್ತಿ ಕೂಲಿಯ ಮಾತು ಬಂದಾಗ ಯಾವ ತೋಟವೆಂದು ಎರಡು ಸಲ ಕೇಳಿದಳು. ಗೌರಮ್ಮ ಉಪವಾಸ ಕುಳಿತ ಭಾಗಕ್ಕೆ ಬಂದಾಗ ಕೈಯಲ್ಲಿದ್ದ ಸೌಟನ್ನು ಹಾಗೆಯೇ ಹಿಡಿದುಕೊಂಡು, ‘ಮನೆಯಲ್ಲಿ ಅನ್ನ ಇದ್ದೂ ಬಿಟ್ಟಳಾ?’ ಎಂದು ಕೇಳಿದಳು. ಹೌದೆಂದೆ. ಸ್ವಲ್ಪ ಹೊತ್ತು ಬಿಟ್ಟು, ‘ಇನ್ನೊಂದು ಸಲ ಓದು’ ಎಂದಳು.